ಪಾತಾಳಕ್ಕೆ ತಳ್ಳಿದ ಉಪ್ಪುನೀರು

ಪ್ರತಿಯೊಂದು ಉದ್ಯಮದಿಂದಲೂ ಎರಡು ಬಗೆಯ ಪದಾರ್ಥಗಳು ಹೊರಬೀಳುತ್ತವೆ. ಒಂದು, ಪೇಟೆಗೆ ಹೋಗಿ ಬೆಲೆ ತರುವಂಥದು. ಇನ್ನೊಂದು, ಯಾರಿಗೂ ಬೇಡವಾಗಿ, ಎಲ್ಲಿಯಾದರೂ ಕಣ್ಮರೆಯಾದರೆ ಸಾಕೆನಿಸುವಂಥದು. ಮೊದಲನೆಯದರ ಲೆಕ್ಕವು ದಿನದಿನವೂ ವೃತ್ತಪತ್ರಗಳಲ್ಲಿ ಅಚ್ಚಾಗುತ್ತದೆ. ಎರಡನೆಯದರ ಲೆಕ್ಕವನ್ನು ಕೇಳುವವರೇ ವಿರಳ. ಖನಿಜತೈಲದ ಉದ್ಯಮದ ಮಟ್ಟಿಗಂತೂ ಈ ಮಾತು ಅಕ್ಷರಶಃ ಸತ್ಯವಾಗಿದೆ. ತೈಲದ ಬೆಲೆಯು ಪೀಪಾಯಿಗೆ ಇಷ್ಟು ಡಾಲರು ಏರಿತು, ಇಷ್ಟು ಇಳಿಯಿತು ಎಂಬ ಸುದ್ದಿಯನ್ನು ಓದದ ಸುಶಿಕ್ಷಿತರಿಲ್ಲ. ಆದರೆ ಆ ಒಂದು ಪೀಪಾಯಿ ಎಣ್ಣೆಯ ಬೆನ್ನಿಗೆ ನೆಲದೊಳಗಿಂದ ಅನೇಕ ಪೀಪಾಯಿ ಉಪ್ಪುನೀರು ಮೇಲಕ್ಕೆ ಬರುತ್ತದೆಂಬುದೂ, ಆ ನೀರನ್ನು ಎಲ್ಲಿಯಾದರೂ ಹಾಕಲೇಬೇಕಾಗುವದೆಂಬುದೂ, ಹಾಗೆ ಹಾಕಿದ್ದರಿಂದ ಅಮೇರಿಕದ ಒಂದು ಸಂಸ್ಥಾನದ ನೆಲವೇ ವರ್ಷಗಟ್ಟಲೆ ನಡುಗಿತೆಂಬುದೂ ಬಹುಜನರಿಗೆ ತಿಳಿಯದ ಸಂಗತಿಗಳು. ತಿಳಿಯಬೇಕಾದ ಸಂಗತಿಗಳೆಂಬುದರಿಂದಲೇ ಅವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಎಣ್ಣೆಯು ನೆಲದೊಳಗೆ ಕೆರೆಯಂತೆ ನಿಂತಿರುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಅದೇ ರಂಧ್ರಗಳಲ್ಲಿ, ಆ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರತಳದ ಕೆಸರಾಗಿದ್ದಾಗ ಸಿಕ್ಕಿಬಿದ್ದ ನೀರೂ ಇರುತ್ತದೆ. ಎಣ್ಣೆಯನ್ನು ಎಳೆದಾಗ ಈ ಪುರಾತನ ಸಮುದ್ರಜಲವು ಅದರ ಸಂಗಡವೇ ಬರುವದು ಅನಿವಾರ್ಯ. ಬಾವಿಗೆ ವಯಸ್ಸಾದಂತೆ ಎಣ್ಣೆ ಕಡಿಮೆಯಾಗಿ ನೀರು ಹೆಚ್ಚುತ್ತದೆ. ಈ ನೀರು ಅನೇಕ ಕಡೆಗಳಲ್ಲಿ ಇಂದಿನ ಸಮುದ್ರದ ನೀರಿಗಿಂತ ಹಲವು ಪಟ್ಟು ಹೆಚ್ಚು ಉಪ್ಪಾಗಿರುತ್ತದೆ. ಎಣ್ಣೆಯ ಅಂಶ, ಲೋಹಗಳು, ಕೆಲವೆಡೆ ರೇಡಿಯಂ ಎಂಬ ಕಿರಣ ಸೂಸುವ ಧಾತು ಸಹ ಅದರಲ್ಲಿರುತ್ತವೆ. ಅದನ್ನು ಹೊಲಕ್ಕೆ ಬಿಟ್ಟರೆ ಹೊಲ ಸವುಳಾಗುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ದನಕರುಗಳು ಅದನ್ನು ಕುಡಿಯುವಂತಿಲ್ಲ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೧೭ನೆಯ ಒಂದೇ ವರ್ಷದಲ್ಲಿ ಇಂಥ ನೀರು ಸುಮಾರು ೨,೪೦೦ ಕೋಟಿ ಪೀಪಾಯಿಗಳಷ್ಟು ಮೇಲೆ ಬಂದಿತೆಂದು ಅಂದಾಜು ಮಾಡಲಾಗಿದೆ. ಒಂದು ಪೀಪಾಯಿಯೆಂದರೆ ೪೨ ಗ್ಯಾಲನ್, ಅಂದರೆ ಸುಮಾರು ೧೫೯ ಲೀಟರು.

ಸುಧಾರಣೆಯಾಗಿ ಬಂದ ಪದ್ಧತಿ

ಈ ನೀರನ್ನು ಮರಳಿ ಭೂಮಿಯೊಳಕ್ಕೆ ಇಳಿಸುವ ಪದ್ಧತಿಯು ಮೂಲತಃ ಒಂದು ಸುಧಾರಣೆಯಾಗಿ ಬಂದಿತೆಂಬುದನ್ನು ನ್ಯಾಯದೃಷ್ಟಿಯಿಂದ ಮೊದಲೇ ಹೇಳಬೇಕು. ಆರಂಭದ ದಿನಗಳಲ್ಲಿ ತೈಲದ ಒಡೆಯರು ಉಪ್ಪುನೀರನ್ನು ಬರಿಯ ಮಣ್ಣಿನ ಹೊಂಡಗಳಲ್ಲಿ ನಿಲ್ಲಿಸುತ್ತಿದ್ದರು. ಇಲ್ಲವೆ ಹತ್ತಿರದ ಹೊಳೆಗೆ ಬಿಟ್ಟುಬಿಡುತ್ತಿದ್ದರು. ೧೯೩೦ರಲ್ಲಿ ಟೆಕ್ಸಾಸ್ ಸಂಸ್ಥಾನದ ಪೂರ್ವಭಾಗದಲ್ಲಿ ಬಹು ದೊಡ್ಡ ತೈಲಕ್ಷೇತ್ರವೊಂದು ಸಿಕ್ಕಿತು. ಅಲ್ಲಿಯ ನೀರು ಹೊಳೆಗಳನ್ನು ಕೆಡಿಸತೊಡಗಿದಾಗ, ಅದನ್ನು ಒಟ್ಟುಗೂಡಿಸಿ ಎಣ್ಣೆ ಬಂದ ಪದರಕ್ಕೇ ಹಿಂದಿರುಗಿಸುವದಕ್ಕಾಗಿ ೧೯೪೨ರಲ್ಲಿ ಒಂದು ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಲಾಯಿತು. ಇದರಿಂದ ಎರಡು ಲಾಭಗಳಾದವು: ಹೊಳೆಗಳು ಉಳಿದವು, ಎಣ್ಣೆ ಹೋದ ಸ್ಥಳವನ್ನು ನೀರು ತುಂಬಿದ್ದರಿಂದ ಪದರದ ಒತ್ತಡ ಕುಸಿಯದೆ, ಇನ್ನಷ್ಟು ಎಣ್ಣೆ ಮೇಲಕ್ಕೆ ಬಂದಿತು.

ಇಂಥ ಬಾವಿಯ ರಚನೆಯು ನಮ್ಮ ಕೊಳವೆ ಬಾವಿಯ ತಿರುಗುಮುರುಗೆಂದು ತಿಳಿದರೆ ಸಾಕು. ನಮ್ಮದು ನೀರನ್ನು ಮೇಲಕ್ಕೆ ತರುತ್ತದೆ; ಇದು ನೀರನ್ನು ಕೆಳಕ್ಕೆ ಒಯ್ಯುತ್ತದೆ. ಕುಡಿಯುವ ನೀರಿನ ಪದರಗಳನ್ನು ದಾಟುವ ವರೆಗೆ ಉಕ್ಕಿನ ಕೊಳವೆಯನ್ನು ಇಳಿಸಿ, ಅದರ ಸುತ್ತಲೂ ಸಿಮೆಂಟು ತುಂಬುತ್ತಾರೆ. ಅದರೊಳಗೆ ಇನ್ನೊಂದು ಕೊಳವೆ, ಅದರೊಳಗೆ ನೀರನ್ನು ಒಯ್ಯುವ ಸಣ್ಣ ಕೊಳವೆ. ಹೀಗೆ ಒಂದರೊಳಗೊಂದು ಕವಚಗಳಿರುತ್ತವೆ. ಸಾವಿರಾರು ಅಡಿಗಳ ಕೆಳಗೆ, ಮೇಲೊಂದು ಗಟ್ಟಿ ಪದರವು ಮುಚ್ಚಳದಂತಿರುವ ಸಚ್ಛಿದ್ರ ಕಲ್ಲಿನಲ್ಲಿ ನೀರನ್ನು ಬಿಡುತ್ತಾರೆ. ೧೯೭೪ರಲ್ಲಿ ಅಮೇರಿಕದ ಕಾಂಗ್ರೆಸ್ಸು ಕುಡಿಯುವ ನೀರಿನ ಸಂರಕ್ಷಣೆಗಾಗಿ ಕಾಯದೆಯೊಂದನ್ನು ಮಾಡಿ, ಇಂಥ ಎಲ್ಲ ಬಾವಿಗಳನ್ನೂ ಸರಕಾರದ ಅಂಕೆಗೆ ತಂದಿತು. ಲೀಟರಿಗೆ ೧೦,೦೦೦ ಮಿಲಿಗ್ರಾಮಿಗಿಂತ ಕಡಿಮೆ ಲವಣಾಂಶವುಳ್ಳ ಅಂತರ್ಜಲವನ್ನು ಸಾಮಾನ್ಯವಾಗಿ ಮುಂದಿನ ಪೀಳಿಗೆಯ ಕುಡಿಯುವ ನೀರೆಂದೆಣಿಸಿ ಕಾಪಾಡಬೇಕೆಂಬುದು ಅದರ ತತ್ವ. ತೈಲೋದ್ಯಮದ ಬಾವಿಗಳನ್ನು ಅಲ್ಲಿ ಎರಡನೆಯ ವರ್ಗವೆಂದು ಕರೆಯುತ್ತಾರೆ. ಆ ವರ್ಗದ ಬಾವಿಗಳು ದೇಶದಲ್ಲಿ ಸುಮಾರು ೧,೮೦,೦೦೦ ಇವೆ; ಅವುಗಳೊಳಕ್ಕೆ ದಿನಕ್ಕೆ ಇನ್ನೂರು ಕೋಟಿ ಗ್ಯಾಲನ್‌ಗಿಂತ ಹೆಚ್ಚು ದ್ರವ ಇಳಿಯುತ್ತದೆ.

ಇಲ್ಲಿ ಒಂದು ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಈ ಬಾವಿಗಳಲ್ಲಿ ಹೆಚ್ಚಿನವು ಎಣ್ಣೆಯನ್ನು ತೆಗೆದ ಪದರಕ್ಕೇ ನೀರನ್ನು ಹಿಂದಿರುಗಿಸುವಂಥವು. ಅಲ್ಲಿ ಒಂದು ಕಡೆಯಿಂದ ತೆಗೆಯುವದು, ಇನ್ನೊಂದು ಕಡೆಯಿಂದ ತುಂಬುವದು. ಜಮೆ ಖರ್ಚು ಸರಿತೂಗುತ್ತದೆ. ಸುಮಾರು ಐದರಲ್ಲೊಂದು ಪಾಲಿನವು ಮಾತ್ರ ಶುದ್ಧ ವಿಸರ್ಜನೆಯ ಬಾವಿಗಳು. ಇವು, ಏನನ್ನೂ ಹೊರತೆಗೆಯದ ಬೇರೊಂದು ಪದರದೊಳಕ್ಕೆ ನೀರನ್ನು ಇಳಿಸುತ್ತಲೇ ಇರುತ್ತವೆ. ಇಲ್ಲಿ ಜಮೆಯುಂಟು, ಖರ್ಚಿಲ್ಲ. ಒತ್ತಡವು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ.

ಡೆನ್ವರಿನಲ್ಲಿ ದೊರೆತ ಪಾಠ

ಏರಿದ ಒತ್ತಡದಿಂದ ಏನಾಗಬಹುದೆಂಬುದು ಮೊದಲು ತಿಳಿದುಬಂದದ್ದು ತೈಲಕ್ಷೇತ್ರದಲ್ಲಲ್ಲ, ಒಂದು ಸೈನಿಕ ಕಾರಖಾನೆಯಲ್ಲಿ. ಕೊಲೊರಾಡೊ ಸಂಸ್ಥಾನದ ರಾಜಧಾನಿಯಾದ ಡೆನ್ವರ್ ನಗರದ ಬಳಿಯಲ್ಲಿ ರಾಕಿ ಮೌಂಟನ್ ಶಸ್ತ್ರಾಗಾರವೆಂಬುದೊಂದಿತ್ತು. ರಾಸಾಯನಿಕ ಶಸ್ತ್ರಗಳ ತಯಾರಿಕೆಯಿಂದ ಉಳಿದ ಹೊಲಸುನೀರನ್ನು ಕಳೆಯಲು ಸೈನ್ಯದವರು ೧೯೬೧ರಲ್ಲಿ ೧೨,೦೪೫ ಅಡಿ ಆಳದ ಬಾವಿಯನ್ನು ಕೊರೆದು, ೧೯೬೨ರ ಮಾರ್ಚಿಯಿಂದ ನೀರಿಳಿಸತೊಡಗಿದರು. ಅದೇ ವರ್ಷವೇ ಆ ಪ್ರದೇಶದಲ್ಲಿ ಸಣ್ಣ ಪುಟ್ಟ ಭೂಕಂಪಗಳು ಆರಂಭವಾದವು. ೧೯೬೫ರ ನವೆಂಬರದಲ್ಲಿ ಡೇವಿಡ್ ಎವನ್ಸ್ ಎಂಬ ಭೂಗರ್ಭಶಾಸ್ತ್ರಜ್ಞರು, ತಿಂಗಳು ತಿಂಗಳಿಗೆ ಇಳಿಸಿದ ನೀರಿನ ಪ್ರಮಾಣವನ್ನೂ ಭೂಕಂಪಗಳ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದು ಏರಿದಾಗ ಇನ್ನೊಂದು ಏರುವದನ್ನೂ, ಒಂದು ನಿಂತಾಗ ಇನ್ನೊಂದು ತಗ್ಗುವದನ್ನೂ ಬಹಿರಂಗವಾಗಿ ತೋರಿಸಿಕೊಟ್ಟರು. ೧೯೬೬ರ ಫೆಬ್ರುವರಿಯಲ್ಲಿ ನೀರಿಳಿಸುವದನ್ನು ನಿಲ್ಲಿಸಲಾಯಿತು. ಆದರೂ ಅತ್ಯಂತ ದೊಡ್ಡ ಕಂಪವು, ಸುಮಾರು ೫ರ ಪ್ರಮಾಣದ್ದು, ಸಂಭವಿಸಿದ್ದು ೧೯೬೭ರ ಆಗಸ್ಟದಲ್ಲಿ. ಅಂದರೆ ಬಾವಿಯನ್ನು ನಿಲ್ಲಿಸಿ ಒಂದೂವರೆ ವರ್ಷ ಕಳೆದ ಮೇಲೆ. ನೆಲದೊಳಗೆ ಹೊಕ್ಕ ಒತ್ತಡವು ನಮ್ಮ ಹುಕುಮಿನಿಂದ ಒಮ್ಮೆಲೇ ಇಳಿಯುವಂಥದಲ್ಲ. ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಹರಡುತ್ತ ಹೋಗುತ್ತದೆ.

ಇದರ ಕಾರಣವನ್ನು ತಿಳಿಯುವದು ಕಠಿಣವಲ್ಲ. ಭೂಮಿಯ ತಳಬಂಡೆಯು ಅಖಂಡವಾದುದಲ್ಲ. ಅದರಲ್ಲಿ ಹಳೆಯ ಸೀಳುಗಳಿವೆ. ಶಾಸ್ತ್ರಜ್ಞರು ಅವನ್ನು ಸ್ತರಭಂಗಗಳೆನ್ನುತ್ತಾರೆ. ಸೀಳಿನ ಎರಡು ಮಗ್ಗುಲುಗಳನ್ನು ಭೂಗರ್ಭದ ಶಕ್ತಿಗಳು ಒಂದು ದಿಕ್ಕಿಗೆ ಜಾರಿಸಲು ಹವಣಿಸುತ್ತಿರುತ್ತವೆ. ಮೇಲಿನ ಭಾರವು ಅವೆರಡನ್ನೂ ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ಬೀಸುವ ಕಲ್ಲಿನ ಎರಡು ಬಿಲ್ಲೆಗಳನ್ನು ನೆನೆಯಿರಿ. ಮೇಲಿನ ಬಿಲ್ಲೆಯ ಭಾರದಿಂದಲೇ ಅದನ್ನು ತಿರುಗಿಸಲು ರಟ್ಟೆಯ ಬಲ ಬೇಕಾಗುತ್ತದೆ. ಅವೆರಡರ ನಡುವೆ ನೀರನ್ನು ಬಲವಾಗಿ ನುಗ್ಗಿಸಿ ಮೇಲಿನ ಬಿಲ್ಲೆಯನ್ನು ಎತ್ತಿಹಿಡಿದರೆ, ಅದೇ ಕಲ್ಲು ಕಿರುಬೆರಳಿಗೂ ಜಾರುತ್ತದೆ. ಸ್ತರಭಂಗಕ್ಕೆ ನೀರಿನ ಒತ್ತಡ ತಟ್ಟಿದಾಗ ಆಗುವದೂ ಇದೇ. ಹಬರ್ಟ್ ಮತ್ತು ರೂಬಿ ಎಂಬ ಇಬ್ಬರು ಶಾಸ್ತ್ರಜ್ಞರು ಸ್ತರಗಳ ಜಾರುವಿಕೆಯಲ್ಲಿ ನೀರಿನ ಒತ್ತಡದ ಈ ಪಾತ್ರವನ್ನು ೧೯೫೯ರಲ್ಲಿಯೇ ವಿವರಿಸಿದ್ದರು. ನೀರು ಭೂಕಂಪದ ಶಕ್ತಿಯನ್ನು ತಾನಾಗಿ ಹುಟ್ಟಿಸುವದಿಲ್ಲ. ಮೊದಲೇ ಅಡಗಿರುವ ಶಕ್ತಿಗೆ ಅಗುಳಿಯನ್ನು ತೆಗೆದುಕೊಡುತ್ತದೆ.

ಉಳಿದ ಸಂದೇಹವನ್ನೂ ಕೊಲೊರಾಡೊದ ಇನ್ನೊಂದು ಸ್ಥಳವು ಪರಿಹರಿಸಿತು. ರೇಂಜ್ಲಿ ಎಂಬ ತೈಲಕ್ಷೇತ್ರದಲ್ಲಿ ಅಮೇರಿಕದ ಭೂಗರ್ಭ ಸರ್ವೇಕ್ಷಣ ಇಲಾಖೆಯವರು ೧೯೬೯ರಿಂದ ನಾಲ್ಕು ವರ್ಷಗಳ ವರೆಗೆ ಉದ್ದೇಶಪೂರ್ವಕವಾಗಿ ಪ್ರಯೋಗ ನಡೆಸಿದರು. ಒತ್ತಡವನ್ನು ಒಂದು ಮಿತಿಗಿಂತ ಮೇಲೇರಿಸಿದಾಗ ಕಂಪಗಳು ಬಂದವು. ನೀರನ್ನು ಹೊರತೆಗೆದು ಒತ್ತಡವನ್ನು ಇಳಿಸಿದಾಗ ಕಂಪಗಳು ನಿಂತವು. ಮತ್ತೆ ಏರಿಸಿದಾಗ ಮತ್ತೆ ಬಂದವು. ಪ್ರಯೋಗದ ಫಲಿತಾಂಶವು ೧೯೭೬ರಲ್ಲಿ ಪ್ರಕಟವಾಯಿತು. ಶಾಸ್ತ್ರವು ಹೇಳಬೇಕಾದುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಉದಾಹರಣೆಗಳು ಹೆಚ್ಚಿಲ್ಲ.

ಒಕ್ಲಹೋಮದ ಕಥೆ

ಹೀಗೆ ೧೯೭೬ರ ಹೊತ್ತಿಗೆ ಕಾರಣವೂ ಗೊತ್ತಿತ್ತು, ಉಪಾಯವೂ ಗೊತ್ತಿತ್ತು. ಆದರೆ ತೈಲಬಾವಿಗಳ ಕುರಿತಾದ ಕೇಂದ್ರದ ನಿಯಮಗಳು ಕುಡಿಯುವ ನೀರಿನ ಮೇಲೆ ಮಾತ್ರ ದೃಷ್ಟಿಯಿಟ್ಟವು. ಎರಡನೆಯ ವರ್ಗದ ಬಾವಿಗೆ ಪರವಾನಿಗೆ ಕೊಡುವಾಗ ಭೂಕಂಪದ ಸಂಭವವನ್ನು ವಿಚಾರಿಸಲೇಬೇಕೆಂಬ ಸ್ಪಷ್ಟ ಕಟ್ಟಳೆ ಅವುಗಳಲ್ಲಿ ಬರಲಿಲ್ಲ. ಮೇಲಾಗಿ, ತೈಲಕ್ಷೇತ್ರದ ತ್ಯಾಜ್ಯಗಳನ್ನು ಅಪಾಯಕರ ತ್ಯಾಜ್ಯಗಳ ಕಾಯದೆಯಿಂದ ೧೯೮೦ರಲ್ಲಿ ತಾತ್ಪೂರ್ತಿಕವಾಗಿ ಹೊರಗಿಟ್ಟು, ೧೯೮೮ರಲ್ಲಿ ಆ ವಿನಾಯಿತಿಯನ್ನು ಮುಂದುವರಿಸಲಾಯಿತು. ಅಪಾಯಕರವೆಂದೆಣಿಸಿದ ಕಾರಖಾನೆಯ ದ್ರವವನ್ನು ನೆಲದೊಳಗೆ ಹುಗಿಯುವವನು, ಅದು ೧೦,೦೦೦ ವರ್ಷಗಳ ವರೆಗೆ ಅಲ್ಲಿಂದ ಕದಲದೆಂಬುದನ್ನು ತೋರಿಸಿಕೊಡಬೇಕು. ತೈಲದವನಿಗೆ ಆ ಕಟ್ಟುಪಾಡಿಲ್ಲ. ದ್ರವದ ಗುಣವನ್ನು ನೋಡಿ ಮಾಡಬೇಕಾದ ಭೇದವನ್ನು ಅದು ಯಾರ ಅಂಗಳದಿಂದ ಬಂದಿತೆಂಬುದನ್ನು ನೋಡಿ ಮಾಡಿದಂತಾಯಿತು.

ಇದರ ಫಲವನ್ನು ಉಂಡದ್ದು ಒಕ್ಲಹೋಮ ಸಂಸ್ಥಾನ. ಅಲ್ಲಿಯ ನೆಲದಡಿಯಲ್ಲಿ ಆರ್ಬಕಲ್ ಎಂಬ ದಪ್ಪನಾದ ಸುಣ್ಣಕಲ್ಲಿನ ಸಮೂಹವಿದೆ. ಎಷ್ಟು ನೀರು ಹಾಕಿದರೂ, ಅನೇಕ ಕಡೆಗಳಲ್ಲಿ ಪಂಪಿನ ಒತ್ತಡವೂ ಇಲ್ಲದೆ, ಅದು ಹೀರಿಕೊಳ್ಳುತ್ತಿತ್ತು. ತೈಲದ ಒಡೆಯರಿಗೆ ಇದು ಕಾಮಧೇನುವಿನಂತೆ ಕಂಡಿತು. ಆದರೆ ಆರ್ಬಕಲ್ ಸಮೂಹವು ಹಳೆಯ ಸೀಳುಗಳಿರುವ ತಳಬಂಡೆಗೆ ತೀರ ಸಮೀಪದಲ್ಲಿದೆ; ಅದರ ಒತ್ತಡವು ಕೆಳಗಿನ ಸೀಳುಗಳಿಗೆ ಸಹಜವಾಗಿ ತಟ್ಟುತ್ತದೆ. ೨೦೦೯ರ ಅನಂತರ, ಎಣ್ಣೆಗಿಂತ ನೀರೇ ಹೆಚ್ಚಾಗಿರುವ ಕೆಲವು ಪದರಗಳಲ್ಲಿ ಹೊಸ ವಿಧಾನಗಳಿಂದ ಬಾವಿಗಳನ್ನು ಕೊರೆಯತೊಡಗಿದಾಗ, ಹೀಗೆ ಇಳಿಸುವ ನೀರಿನ ಪ್ರಮಾಣವು ವಿಪರೀತವಾಗಿ ಬೆಳೆಯಿತು.

ಅದಕ್ಕೂ ಮುಂಚೆ ಆ ಸಂಸ್ಥಾನದಲ್ಲಿ, ೩ರ ಪ್ರಮಾಣಕ್ಕಿಂತ ಹೆಚ್ಚಿನ ಭೂಕಂಪಗಳು ವರ್ಷಕ್ಕೆ ಸರಾಸರಿ ಒಂದೋ ಎರಡೋ ಆಗುತ್ತಿದ್ದವು. ೨೦೧೫ರಲ್ಲಿ ಅವುಗಳ ಸಂಖ್ಯೆ ಒಂಬೈನೂರಕ್ಕೆ ಮುಟ್ಟಿತು. ಭೂಕಂಪಗಳಿಗೆ ಹೆಸರಾದ ಕ್ಯಾಲಿಫೋರ್ನಿಯವನ್ನು ಸಹ ಒಕ್ಲಹೋಮವು ಈ ವಿಷಯದಲ್ಲಿ ಹಿಂದೆ ಹಾಕಿತು. ಇದಕ್ಕೆ ಮೊದಲೇ, ೨೦೧೧ರ ನವೆಂಬರದಲ್ಲಿ ಪ್ರೇಗ್ ಎಂಬ ಸಣ್ಣ ಊರಿನ ಬಳಿ ೫.೭ರ ಪ್ರಮಾಣದ ಕಂಪವಾಗಿ ೧೪ ಮನೆಗಳು ಹಾಳಾದವು; ಇಬ್ಬರು ಗಾಯಗೊಂಡರು; ಶಾನೀ ಪಟ್ಟಣದ ಸೇಂಟ್ ಗ್ರೆಗರೀಸ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಗೋಪುರವೊಂದು ಉರುಳಿತು. ಈ ಕಂಪದ ಸಮೀಪದಲ್ಲಿ ೧೯೯೩ರಿಂದ ನೀರಿಳಿಸುತ್ತಿದ್ದ ಬಾವಿಗಳಿದ್ದವು. ಹದಿನೆಂಟು ವರ್ಷ ಏನೂ ಆಗಲಿಲ್ಲವೆಂಬುದು ಹತ್ತೊಂಬತ್ತನೆಯ ವರ್ಷದಲ್ಲಿಯೂ ಏನೂ ಆಗದೆಂಬುದಕ್ಕೆ ಜಾಮೀನಲ್ಲವೆಂಬುದನ್ನು ಇದು ತೋರಿಸಿತು. ಒತ್ತಡವು ಬಾವಿಯ ಬುಡದಲ್ಲಿಯೇ ನಿಲ್ಲುವದೂ ಇಲ್ಲ. ಬಹಳ ನೀರಿಳಿಸುವ ಕೆಲವೇ ಬಾವಿಗಳ ಪ್ರಭಾವವು ಸುಮಾರು ೩೫ ಕಿಲೋಮೀಟರು ದೂರದ ವರೆಗೆ ಹಬ್ಬಬಲ್ಲದೆಂದು ೨೦೧೪ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು.

ಆಗ ಅಧಿಕಾರಸ್ಥರು ಏನು ಮಾಡಿದರು? ಪ್ರೇಗಿನ ಕಂಪವು ನೈಸರ್ಗಿಕ ಕಾರಣಗಳಿಂದಲೇ ಆದುದೆಂಬ ಅರ್ಥವು ಇರುವ ಆಧಾರಗಳಿಗೆ ಹೆಚ್ಚು ಹೊಂದುತ್ತದೆಂದು ಸಂಸ್ಥಾನದ ಭೂಗರ್ಭ ಇಲಾಖೆಯು ೨೦೧೩ರ ಮಾರ್ಚಿಯಲ್ಲಿ ಹೇಳಿಕೆಯನ್ನು ಕೊಟ್ಟಿತು. ಇತ್ತೀಚಿನ ಭೂಕಂಪಗಳಲ್ಲಿ ಹೆಚ್ಚಿನವು ನೀರಿಳಿಸುವದರಿಂದ ಪ್ರಚೋದಿತವಾಗಿರುವ ಸಂಭವ ಬಹಳವೆಂದು ಅದೇ ಇಲಾಖೆಯು ಒಪ್ಪಿಕೊಂಡದ್ದು ೨೦೧೫ರ ಏಪ್ರಿಲ್‌ದಲ್ಲಿ. ನಡುವಿನ ಎರಡು ವರ್ಷಗಳಲ್ಲಿ ನೆಲವು ನೂರಾರು ಸಲ ನಡುಗಿತು. ಯಾವ ಒಂದು ಕಂಪವು ಯಾವ ಒಂದು ಬಾವಿಯಿಂದ ಆಯಿತೆಂಬುದನ್ನು ನಿಷ್ಕರ್ಷಿಸುವದು ಕಷ್ಟವೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ಸಾವಿರಾರು ಬಾವಿಗಳಿರುವಲ್ಲಿ ಶಾಸ್ತ್ರಜ್ಞನು ಎಚ್ಚರಿಕೆಯಿಂದ ಮಾತಾಡುವದು ಗುಣವೇ. ಆದರೆ ಶಾಸ್ತ್ರಜ್ಞನ ಎಚ್ಚರಿಕೆಯು ಬೇರೆ, ಆಡಳಿತದ ನಿಷ್ಕ್ರಿಯತೆಯು ಬೇರೆ. ಪೂರ್ಣ ನಿಶ್ಚಯವಾಗುವ ವರೆಗೆ ಬಾವಿಗಳು ನಡೆಯಲಿ ಎನ್ನುವದು ತಟಸ್ಥವಾದ ನಿರ್ಣಯವೆಂದು ಅನೇಕರು ತಿಳಿಯುತ್ತಾರೆ. ಅದು ತಟಸ್ಥವಲ್ಲ, ಸಂದೇಹದ ಲಾಭವನ್ನು ಬಾವಿಯ ಒಡೆಯನಿಗೂ, ಸಂದೇಹದ ನಷ್ಟವನ್ನು ಮನೆಯ ಒಡೆಯನಿಗೂ ಹಂಚಿಕೊಟ್ಟ ನಿರ್ಣಯ. ತೈಲದ ಮೇಲೆಯೇ ಬಹುಮಟ್ಟಿಗೆ ಬದುಕುವ ಸಂಸ್ಥಾನದಲ್ಲಿ ಈ ಹಂಚಿಕೆಯು ಯಾರ ಕಣ್ಣಿಗೂ ಅಸಹಜವಾಗಿ ತೋರದಿದ್ದದ್ದು ಆಶ್ಚರ್ಯವಲ್ಲ.

ಕೊನೆಗೆ ಎರಡು ಕಡೆಯಿಂದ ಬದಲಾವಣೆಯಾಯಿತು. ಕಂಪದಲ್ಲಿ ಗಾಯಗೊಂಡ ನಾಗರಿಕರು ತೈಲಸಂಸ್ಥೆಗಳ ಮೇಲೆ ಸಾಮಾನ್ಯ ನ್ಯಾಯಾಲಯಗಳಲ್ಲಿಯೇ ನಷ್ಟಭರ್ತಿಯ ದಾವೆ ಹೂಡಬಹುದೆಂದು ಒಕ್ಲಹೋಮದ ಸರ್ವೋಚ್ಚ ನ್ಯಾಯಾಲಯವು ೨೦೧೫ರ ಜೂನ್ ೩೦ರಂದು ತೀರ್ಪಿತ್ತಿತು. ಬಾವಿಗಳ ಮೇಲೆ ಅಧಿಕಾರವುಳ್ಳ ಕಾರ್ಪೊರೇಶನ್ ಕಮಿಶನ್ ಎಂಬ ಚುನಾಯಿತ ಮಂಡಲವು ೨೦೧೬ರ ಆರಂಭದಲ್ಲಿ, ಕಂಪಗಳಾಗುತ್ತಿದ್ದ ವಿಶಾಲ ಪ್ರದೇಶದಲ್ಲಿ ಆರ್ಬಕಲ್ ಪದರಕ್ಕೆ ಇಳಿಸುವ ನೀರನ್ನು ೨೦೧೪ರ ಮಟ್ಟಕ್ಕಿಂತ ನೂರಕ್ಕೆ ನಾಲ್ವತ್ತರಷ್ಟು ಕಡಿಮೆ ಮಾಡಿಸುವ ಕ್ರಮವನ್ನು ಕೈಕೊಂಡಿತು. ಅಷ್ಟರಲ್ಲಿ ತೈಲದ ಬೆಲೆಯೂ ಕುಸಿದದ್ದರಿಂದ ಉತ್ಪಾದನೆಯೇ ತಗ್ಗಿತ್ತು. ಆದರೂ ಡೆನ್ವರಿನ ಪಾಠವು ಮತ್ತೊಮ್ಮೆ ನಿಜವಾಯಿತು. ಕಡಿತದ ಕ್ರಮಗಳು ಹೊರಟ ಮೇಲೆ, ೨೦೧೬ರ ಸೆಪ್ಟಂಬರ ೩ರಂದು ಪಾನೀ ಎಂಬಲ್ಲಿ ೫.೮ರ ಪ್ರಮಾಣದ ಕಂಪವಾಯಿತು. ಆ ಸಂಸ್ಥಾನದಲ್ಲಿ ದಾಖಲಾದವುಗಳಲ್ಲಿ ಅದೇ ದೊಡ್ಡದು. ನವೆಂಬರದಲ್ಲಿ, ದೇಶದ ಅತಿ ದೊಡ್ಡ ತೈಲಸಂಗ್ರಹಗಳಲ್ಲೊಂದಾದ ಕಷಿಂಗ್ ಊರಿನಲ್ಲಿ ೫ರ ಪ್ರಮಾಣದ ಕಂಪವಾಗಿ ಪೇಟೆಯ ಕಟ್ಟಡಗಳು ಜಖಂ ಆದವು. ನೀರು ತಗ್ಗಿದಂತೆ ಕಂಪಗಳು ತಗ್ಗುತ್ತ ಬಂದು, ೨೦೧೯ರ ಹೊತ್ತಿಗೆ ೩ಕ್ಕಿಂತ ಹೆಚ್ಚಿನವು ವರ್ಷಕ್ಕೆ ನೂರರ ಒಳಗೆ ಇಳಿದವು. ರೇಂಜ್ಲಿಯಲ್ಲಿ ಒಂದು ಕ್ಷೇತ್ರದ ಮಟ್ಟಿಗೆ ಸಿದ್ಧವಾದ ಮಾತು ಇಲ್ಲಿ ಒಂದು ಸಂಸ್ಥಾನದ ಮಟ್ಟಿಗೆ ಸಿದ್ಧವಾಯಿತು. ಇದನ್ನು ನಾಲ್ವತ್ತು ವರ್ಷಗಳ ಮೊದಲೇ ಅನುಸರಿಸಬಹುದಾಗಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿದಂತಾಯಿತು.

ಇಲ್ಲಿ ಜನಸಾಮಾನ್ಯರ ಒಂದು ತಪ್ಪು ಕಲ್ಪನೆಯನ್ನು ತಿದ್ದುವದು ಅವಶ್ಯ. ಕಲ್ಲಿನ ಪದರವನ್ನು ನೀರಿನ ಬಲದಿಂದ ಸೀಳಿ ಎಣ್ಣೆ ತೆಗೆಯುವ ಹೊಸ ವಿಧಾನವೇ ಈ ಕಂಪಗಳಿಗೆಲ್ಲ ಕಾರಣವೆಂದು ಅನೇಕರು ಹೇಳುತ್ತಾರೆ. ಆ ವಿಧಾನದಿಂದಲೂ ಕೆಲವೆಡೆಗಳಲ್ಲಿ ಕಂಪಗಳಾಗಿವೆಯೆಂಬುದು ನಿಜ. ಆದರೆ ಒಕ್ಲಹೋಮದ ಕಂಪಗಳಲ್ಲಿ ಹೆಚ್ಚಿನವಕ್ಕೆ ಕಾರಣವು, ಎಣ್ಣೆಯ ಸಂಗಡ ಬಂದ ಹಳೆಯ ಉಪ್ಪುನೀರನ್ನು ವರ್ಷಗಟ್ಟಲೆ ಇಳಿಸಿದ್ದೇ ಹೊರತು ಸೀಳುವ ಕೆಲಸವಲ್ಲ. ರೋಗದ ನಿದಾನವು ತಪ್ಪಿದರೆ ಔಷಧವೂ ತಪ್ಪುತ್ತದೆ. ಅಪರಾಧಿಯನ್ನು ಬಿಟ್ಟು ಅವನ ನೆರೆಯವನನ್ನು ಹಿಡಿದಂತಾಗುತ್ತದೆ. ಹಾಗೆಯೇ, ವಿಸರ್ಜನೆಯ ಬಾವಿಗಳಲ್ಲಿ ಬಹುಸಂಖ್ಯೆಯವು ಯಾರಿಗೂ ಅರಿವಾಗುವಂಥ ಕಂಪವನ್ನು ಉಂಟುಮಾಡಿಲ್ಲವೆಂಬುದನ್ನೂ ಹೇಳಬೇಕು. ಪ್ರಶ್ನೆಯು ಬಾವಿ ಬೇಕೋ ಬೇಡವೋ ಎಂಬುದಲ್ಲ. ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ನೀರು, ಯಾರ ಮೇಲ್ವಿಚಾರಣೆಯಲ್ಲಿ ಎಂಬುದು.

ಆಳದಿಂದ ಮೇಲಕ್ಕೆ

ಒಕ್ಲಹೋಮದಲ್ಲಿ ಕಲಿತ ಪಾಠವು ನೆರೆಯ ಟೆಕ್ಸಾಸಿಗೆ ಒಡನೆ ತಲುಪಿತೆಂದು ಹೇಳಲಾಗದು. ಅಲ್ಲಿ ತೈಲಬಾವಿಗಳ ಆಡಳಿತವನ್ನು ನಡೆಸುವ ಮಂಡಲಕ್ಕೆ ರೈಲ್‌ರೋಡ್ ಕಮಿಶನ್ ಎಂದು ಹೆಸರು. ೧೮೯೧ರಲ್ಲಿ ರೈಲ್ವೆಗಳ ನಿಯಂತ್ರಣಕ್ಕಾಗಿ ಹುಟ್ಟಿದ ಈ ಮಂಡಲಕ್ಕೆ ಇಂದು ರೈಲ್ವೆಗಳ ಮೇಲೆ ಯಾವ ಅಧಿಕಾರವೂ ಉಳಿದಿಲ್ಲ. ತೈಲದ ಮೇಲೆ ಮಾತ್ರ ಇದೆ. ಪರ್ಮಿಯನ್ ಎಂಬ ಪಶ್ಚಿಮ ಟೆಕ್ಸಾಸಿನ ಮಹಾಕ್ಷೇತ್ರದಲ್ಲಿ ಕಂಪಗಳು ಹೆಚ್ಚಿದಾಗ, ೨೦೨೧ರ ಕೊನೆಯಲ್ಲಿ ಕಮಿಶನ್ನು ಒಂದು ಪ್ರದೇಶದ ಆಳವಾದ ಬಾವಿಗಳಲ್ಲಿ ನೀರಿಳಿಸುವದನ್ನು ನಿಲ್ಲಿಸಿತು. ೨೦೨೨ರ ನವೆಂಬರದಲ್ಲಿ ಅದೇ ಕ್ಷೇತ್ರದ ಇನ್ನೊಂದು ಕಡೆಗೆ ೫.೪ರ ಪ್ರಮಾಣದ ಕಂಪವಾಯಿತು. ಆಳದಲ್ಲಿ ಬೇಡವೆಂದಾಗ ಒಡೆಯರು ಮೇಲಿನ ಪದರಗಳನ್ನು ಆಶ್ರಯಿಸಿದರು. ಆದರೆ ಮೇಲಿನ ಪದರಗಳಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಒಂದು ಶತಮಾನದಿಂದ ಕೊರೆದು, ಸರಿಯಾಗಿ ಮುಚ್ಚದೆ ಬಿಟ್ಟ ಹಳೆಯ ಬಾವಿಗಳು ಆ ನೆಲದಲ್ಲಿ ಲೆಕ್ಕವಿಲ್ಲದಷ್ಟಿವೆ. ಒತ್ತಡ ಏರಿದಾಗ ಉಪ್ಪುನೀರು ಇಂಥ ಬಾವಿಗಳ ತೂತುಗಳನ್ನು ಹಿಡಿದು ಮೇಲಕ್ಕೆ ಚಿಮ್ಮಿದ ಪ್ರಸಂಗಗಳು ನಡೆದವು. ಪಾತಾಳಕ್ಕೆ ಹೋಯಿತೆಂದು ತಿಳಿದ ನೀರು ಹುಲ್ಲುಗಾವಲಿನಲ್ಲಿ ಬಂದು ನಿಂತಿತು. ೨೦೨೫ರಲ್ಲಿ ಕಮಿಶನ್ನು ಹೊಸ ಪರವಾನಿಗೆಗಳಿಗೆ ಬಿಗಿಯಾದ ಕಟ್ಟುಪಾಡುಗಳನ್ನು ಹಾಕಿ, ಒತ್ತಡಕ್ಕೆ ಮಿತಿಯನ್ನು ಗೊತ್ತುಪಡಿಸಿ, ಸುತ್ತಲಿನ ಹಳೆಯ ಬಾವಿಗಳನ್ನು ಹೆಚ್ಚು ದೂರದ ವರೆಗೆ ಪರೀಕ್ಷಿಸಬೇಕೆಂದು ವಿಧಿಸಿತು.

ಇಷ್ಟೆಲ್ಲ ಆದರೂ ಈ ಪದ್ಧತಿಯನ್ನು ಏಕೆ ಬಿಡುವದಿಲ್ಲವೆಂದು ಕೇಳಬಹುದು. ಉತ್ತರವು ಒಂದೇ ಮಾತಿನಲ್ಲಿದೆ: ಅದು ಅಗ್ಗ. ಅಷ್ಟು ಉಪ್ಪಾದ ನೀರನ್ನು ಭಟ್ಟಿಯಿಳಿಸಿ ಶುದ್ಧ ಮಾಡಬಹುದು. ಅದಕ್ಕೆ ಇಂಧನವೂ ಹಣವೂ ಬಹಳ ಬೇಕು, ಮತ್ತು ಕೊನೆಗೆ ಗುಡ್ಡದಷ್ಟು ಉಪ್ಪು ಉಳಿಯುತ್ತದೆ. ಹೊಸ ಬಾವಿಗಳ ಕೆಲಸಕ್ಕೆ ಅದೇ ನೀರನ್ನು ಮತ್ತೆ ಬಳಸಬಹುದು. ಅದು ನಡೆಯುತ್ತಲೂ ಇದೆ, ಆದರೆ ಬರುವ ನೀರಿಗೆಲ್ಲ ಅಷ್ಟು ಬಳಕೆಯಿಲ್ಲ. ಆದ್ದರಿಂದ ನೆಲದೊಳಕ್ಕೆ ಇಳಿಸುವದೇ ಮಿತವ್ಯಯದ ದಾರಿಯೆಂದು ಎಣಿಸುತ್ತಾರೆ. ಆದರೆ ಈ ಅಗ್ಗದ ಲೆಕ್ಕದಲ್ಲಿ ಬಿರುಕುಬಿಟ್ಟ ಗೋಡೆಗಳ ದುರಸ್ತಿ, ಉರುಳಿದ ಗೋಪುರದ ಬೆಲೆ, ರಾತ್ರಿ ನಿದ್ದೆಗೆಟ್ಟವರ ಭಯ ಇವು ಸೇರಿರುವದಿಲ್ಲ. ಅವನ್ನು ಭರಿಸುವವರು ಬೇರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ನಮ್ಮ ನಾಡಿನ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಹಾನಿಯ ಖರ್ಚನ್ನು ನೀರಿಳಿಸುವವನ ಕಡತದಲ್ಲಿಯೇ ಬರೆಯಿಸಿದರೆ, ಇಂದು ದುಬಾರಿಯೆನಿಸುವ ಉಪಾಯಗಳಲ್ಲಿ ಕೆಲವಾದರೂ ಅಗ್ಗವಾಗಿ ತೋರಬಹುದು.

ನಮ್ಮ ಹಿತಕ್ಕೆ

ದೂರದ ದೇಶದ ಈ ವೃತ್ತಾಂತದಿಂದ ನಮಗೇನೆಂದು ಕೇಳುವವರಿಗೆ ಎರಡು ಮಾತು. ಭಾರತದಲ್ಲಿಯೂ ತೈಲಕ್ಷೇತ್ರಗಳಿವೆ. ಅಸಾಮದ ಡಿಗ್ಬೊಯಿಯಲ್ಲಿ ೧೮೮೯ರಿಂದಲೂ, ಗುಜರಾಥದಲ್ಲಿ ಸ್ವಾತಂತ್ರ್ಯಾನಂತರವೂ ಎಣ್ಣೆ ತೆಗೆಯುತ್ತ ಬಂದಿದ್ದಾರೆ. ಅಲ್ಲಿಯೂ ಎಣ್ಣೆಯ ಜೊತೆಗೆ ನೀರು ಬರುತ್ತದೆ, ಅದನ್ನೂ ನೆಲದೊಳಕ್ಕೆ ಇಳಿಸುತ್ತಾರೆ. ನಮ್ಮ ಪರಿಸರ ಸಂರಕ್ಷಣೆಯ ನಿಯಮಗಳು ಬಿಟ್ಟ ಬಾವಿಗಳಲ್ಲಿ ಇಂಥ ನೀರನ್ನು ೧,೦೦೦ ಮೀಟರುಗಳ ಕೆಳಗೆ ಮಾತ್ರ ಇಳಿಸಬೇಕೆಂದು ವಿಧಿಸಿವೆ. ಕುಡಿಯುವ ನೀರಿನ ದೃಷ್ಟಿಯಿಂದ ಇದು ಒಳ್ಳೆಯ ಕಟ್ಟಳೆ. ಆದರೆ ಒಕ್ಲಹೋಮದ ಆರ್ಬಕಲ್ ಸಹ ಕುಡಿಯುವ ನೀರಿಗಿಂತ ಬಹು ಕೆಳಗಿತ್ತೆಂಬುದನ್ನು ಮರೆಯಲಾಗದು. ಆಳವೆಂಬುದೊಂದೇ ಸುರಕ್ಷಿತತೆಯಲ್ಲ, ಕೆಲವು ಸಲ ಹೆಚ್ಚು ಆಳವೇ ತಳಬಂಡೆಗೆ ಹೆಚ್ಚು ಸಮೀಪ.

ಎರಡನೆಯದಾಗಿ, ನೀರಿನ ಒತ್ತಡದಿಂದ ನೆಲ ನಡುಗಬಹುದೆಂಬುದು ನಮಗೆ ಹೊಸ ಸಂಗತಿಯಲ್ಲ. ಕೃಷ್ಣೆಯ ಉಪನದಿಯಾದ ಕೊಯ್ನಾಕ್ಕೆ ಸಾತಾರೆ ಜಿಲ್ಲೆಯಲ್ಲಿ ಕಟ್ಟಿದ ಅಣೆಕಟ್ಟಿನಲ್ಲಿ ೧೯೬೦ರ ದಶಕದ ಆರಂಭದಲ್ಲಿ ನೀರು ನಿಲ್ಲತೊಡಗಿದ ಮೇಲೆ ಅಲ್ಲಿ ಕಂಪಗಳು ಕಾಣಿಸಿಕೊಂಡವು. ೧೯೬೭ರ ಡಿಸೆಂಬರದಲ್ಲಿ, ಡೆನ್ವರಿನ ದೊಡ್ಡ ಕಂಪವಾದ ನಾಲ್ಕೇ ತಿಂಗಳಿಗೆ, ಕೊಯ್ನಾದಲ್ಲಿ ೬ಕ್ಕಿಂತ ಹೆಚ್ಚಿನ ಪ್ರಮಾಣದ ಭೂಕಂಪವಾಗಿ ಸುಮಾರು ಇನ್ನೂರು ಜನ ಮಡಿದರು. ಜಲಾಶಯವು ಮೇಲಿನಿಂದ ಭಾರವನ್ನು ಹೇರುತ್ತದೆ, ಬಾವಿಯು ಒಳಗಿನಿಂದ ಒತ್ತುತ್ತದೆ ಎಂಬ ಭೇದವಿದ್ದರೂ, ನೀರಿನ ಒತ್ತಡವು ಸೀಳುಗಳಿಗೆ ತಟ್ಟುವ ರೀತಿಯು ಎರಡರಲ್ಲಿಯೂ ಒಂದೇ. ಜಲಾಶಯದಿಂದ ಪ್ರಚೋದಿತವಾದ ಭೂಕಂಪಗಳ ಅಭ್ಯಾಸದಲ್ಲಿ ಕೊಯ್ನಾ ಇಂದು ಜಗತ್ತಿಗೇ ಮುಖ್ಯ ಉದಾಹರಣೆಯಾಗಿದೆ. ಅಷ್ಟು ಬೆಲೆ ತೆತ್ತು ಕಲಿತ ನಾವು, ನೆಲದೊಳಗೆ ಏನನ್ನಾದರೂ ಬಲವಾಗಿ ತುಂಬುವ ಯೋಜನೆಗಳು ಬಂದಾಗ ಮೊದಲೇ ಪ್ರಶ್ನೆ ಕೇಳಬೇಕಾದವರು. ಕಾರಖಾನೆಗಳ ಹೊಗೆಯೊಳಗಿನ ಇಂಗಾಲದ ವಾಯುವನ್ನು ಭೂಗರ್ಭದಲ್ಲಿ ಹುಗಿಯುವ ಯೋಜನೆಗಳು ಈಗ ಅನೇಕ ದೇಶಗಳಲ್ಲಿ ನಡೆದಿವೆ. ನಮ್ಮಲ್ಲಿಯೂ ಆ ಚರ್ಚೆ ಉಂಟು. ಅವುಗಳಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ.

ಆ ಪ್ರಶ್ನೆಗಳು ಯಾವ ತಹಶೀಲದಾರನಿಗೂ ಯಾವ ನಗರಸಭೆಯ ಸದಸ್ಯನಿಗೂ ಅರ್ಥವಾಗದಂಥವಲ್ಲ. ಬಾವಿಯನ್ನು ಕೊರೆಯುವ ಮೊದಲು ಅಲ್ಲಿಯ ಸೀಳುಗಳ ನಕ್ಷೆಯಾಗಿದೆಯೇ? ನೀರಿಳಿಸುವ ಮೊದಲಿನಿಂದಲೇ ಭೂಕಂಪಮಾಪಕಗಳನ್ನು ಇಟ್ಟಿದ್ದಾರೆಯೇ? ದಿನದಿನದ ನೀರಿನ ಪ್ರಮಾಣವೂ ಒತ್ತಡವೂ ಸಾರ್ವಜನಿಕರಿಗೆ ನೋಡಸಿಗುವವೇ? ಎಷ್ಟು ಕಂಪವಾದರೆ ಕಡಿಮೆ ಮಾಡಬೇಕು, ಎಷ್ಟಾದರೆ ನಿಲ್ಲಿಸಬೇಕೆಂಬುದನ್ನು ಪರವಾನಿಗೆಯಲ್ಲಿಯೇ ಬರೆದಿದೆಯೇ? ಸುತ್ತಲಿನ ಹಳೆಯ ಬಾವಿಗಳನ್ನು ಮುಚ್ಚಿದ್ದಾರೆಯೇ? ಹಾನಿಯಾದರೆ ಕೊಡುವವರು ಯಾರು, ಅದಕ್ಕಾಗಿ ಅವರು ಮೊದಲೇ ಇಟ್ಟ ಠೇವಣಿ ಎಷ್ಟು? ಎವನ್ಸರು ಡೆನ್ವರಿನಲ್ಲಿ ಸತ್ಯವನ್ನು ಕಂಡುಹಿಡಿದದ್ದು ಯಾವ ಗುಪ್ತವಿದ್ಯೆಯಿಂದಲೂ ಅಲ್ಲ. ನೀರಿನ ಲೆಕ್ಕವೂ ಕಂಪದ ಲೆಕ್ಕವೂ ಅವರ ಕೈಗೆ ಸಿಕ್ಕದ್ದರಿಂದ. ಲೆಕ್ಕವು ತೆರೆದಿದ್ದರೆ ಒಬ್ಬ ಜಾಗರೂಕ ನಾಗರಿಕನು ಇಡೀ ಊರನ್ನು ಎಚ್ಚರಿಸಬಲ್ಲನು. ಲೆಕ್ಕವು ಮುಚ್ಚಿದ್ದರೆ ಪಂಡಿತರ ಮಂಡಲಿಯೂ ಕುರುಡಾಗುತ್ತದೆ.

ಭೂಮಿಯ ಒಡಲು ವಿಶಾಲವಾದುದು. ಆದರೆ ಅದು ತಳವಿಲ್ಲದ ಹಗೇವಲ್ಲ. ಹಗೇವಿನಲ್ಲಿ ಜೋಳ ತುಂಬುವ ಒಕ್ಕಲಿಗನು ಸಹ ಎಷ್ಟು ಹಿಡಿಯುತ್ತದೆಂಬುದನ್ನು ತಿಳಿದು ತುಂಬುತ್ತಾನೆ, ಬಾಯಿಯನ್ನು ಮುಚ್ಚಿ ಗುರುತಿಡುತ್ತಾನೆ, ಆಮೇಲೆ ಅದರ ಹೊಣೆಯನ್ನೂ ಹೊರುತ್ತಾನೆ. ಕೋಟಿಗಟ್ಟಲೆ ಪೀಪಾಯಿ ನೀರನ್ನು ನೆಲಕ್ಕೆ ತುಂಬುವವರಿಂದ ಅಷ್ಟು ವಿವೇಕವನ್ನೂ ಅಷ್ಟು ಹೊಣೆಗಾರಿಕೆಯನ್ನೂ ಅಪೇಕ್ಷಿಸುವದು ಅತಿಯಲ್ಲ. ಅದನ್ನು ಅವರಾಗಿ ತೋರದಿದ್ದರೆ, ತೋರುವಂತೆ ಮಾಡುವದು ಸರಕಾರದ ಧರ್ಮ; ಸರಕಾರವು ಮರೆತರೆ, ನೆನಪು ಮಾಡಿಕೊಡುವದು ನಾಗರಿಕರ ಧರ್ಮ.